ಗೋಬಿಯಲ್ಲಿರುವ ಆ ಕೆಂಪು ಯಾವುದು? ಕ್ರೊಮೆಟೊಗ್ರಫಿ ಮತ್ತು ರಾಮನ್ ಎರಡನ್ನೂ ಸೇರಿಸಿ ಹುಡುಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣದ ಬಾಂಬೆ ಮಿಠಾಯಿಗೂ ಅದೇ ಗತಿ ಆಯಿತು. ಜೂನ್‌ನಲ್ಲಿ ಕಬಾಬ್, ಮೀನಿನ ತಿನಿಸುಗಳೂ ಆ ಪಟ್ಟಿಗೆ ಸೇರಿದವು. ತಪಾಸಣೆಯಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಲ್ಲ ಸಿಕ್ಕಿದ್ದರೂ ಜನರ ಬಾಯಲ್ಲಿ ಉಳಿದ ಹೆಸರು ಒಂದೇ, ಬಟ್ಟೆಗೆ ಹಾಕುವ ಬಣ್ಣ ರೊಡಮೈನ್-ಬಿ. ಆಮೇಲೆ ವಿದ್ಯಾರ್ಥಿಗಳು, ಹೋಟೆಲಿನವರು, ಮನೆಯವರು ಎಲ್ಲರೂ ಕೇಳಿದ್ದು ಒಂದೇ ಮಾತು: ಎಣ್ಣೆ, ಮೆಣಸಿನಪುಡಿ, ಸೋಯಾ ಸಾಸ್, ಜೋಳದ ಹಿಟ್ಟು ಎಲ್ಲ ಕಲಸಿದ ತಿಂಡಿಯಲ್ಲಿ "ಇದೇ ಬಣ್ಣ ಇದೆ" ಅಂತ ಹೇಗೆ ಹೇಳುತ್ತೀರಿ? ಅದಕ್ಕೆ ಹಲವು ದಾರಿಗಳಿವೆ. ಟಿಎಲ್‌ಸಿ (ತೆಳುಪದರ ಕ್ರೊಮೆಟೊಗ್ರಫಿ) ಪ್ಲೇಟಿನ ಮೇಲೆ ಬಣ್ಣಗಳನ್ನು ಬೇರೆ ಮಾಡಿ, ಅದೇ ಪ್ಲೇಟಿನ ಮೇಲೆ ರಾಮನ್ (ಲೇಸರ್ ಬಿಟ್ಟು ಅಣುವನ್ನು ಗುರುತಿಸುವ ವಿಧಾನ) ತೆಗೆಯುವುದು ಒಂದು. ಇಲ್ಲಿ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಎರಡನ್ನೂ ಯಾಕೆ ಸೇರಿಸಬೇಕು? ಒಂದೇ ಸಾಲದಾ?

ಸಾಲದು. ಟಿಎಲ್‌ಸಿ ಬಣ್ಣಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುತ್ತದೆ, ಆದರೆ ಆ ಚುಕ್ಕೆ ಯಾವುದು ಅಂತ ಹೇಳುವುದಿಲ್ಲ. ಇಷ್ಟು ದೂರ ಹೋಗಿದೆ ಅಂತ ಮಾತ್ರ ಹೇಳುತ್ತದೆ, ಅಷ್ಟೇ ದೂರ ಹೋಗುವ ಬೇರೆ ವಸ್ತುಗಳೂ ಇರಬಹುದು. ರಾಮನ್‌ದು ಇದರ ಉಲ್ಟಾ. ಶುದ್ಧವಾದ ಒಂದು ವಸ್ತು ಕೊಟ್ಟರೆ ಅದರ ಹೆಸರನ್ನು ತುಂಬಾ ನಂಬಿಕೆಯಿಂದ ಹೇಳಬಲ್ಲದು, ಕಲಸಿದ್ದನ್ನು ಕೊಟ್ಟರೆ ಎಲ್ಲದರ ಪೀಕ್‌ಗಳೂ (ಗ್ರಾಫಿನಲ್ಲಿ ಏಳುವ ಮೊನೆಗಳು) ಒಂದರ ಮೇಲೊಂದು ಬಿದ್ದು ಓದಲಿಕ್ಕೇ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಪುಸ್ತಕಗಳಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸಿರುತ್ತಾರೆ. ಇಷ್ಟು ಕಡಿಮೆ ಬಣ್ಣ ಕಾಣಬೇಕಾದರೆ ಬೆಳ್ಳಿಯ ನ್ಯಾನೊಕಣಗಳ ಸಹಾಯ ಬೇಕು (ಕೆಳಗೆ ಸರ್ಸ್ ಬಗ್ಗೆ ನೋಡಿ). ಸಿಟ್ರೇಟ್‌ನಿಂದ ಮಾಡಿದ ಬೆಳ್ಳಿ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ರೊಡಮೈನ್‌ನಲ್ಲಿ ಧನ ವಿದ್ಯುದಂಶ ಇರುವುದರಿಂದ ಅದು ಓಡಿಬಂದು ಬೆಳ್ಳಿಗೆ ಅಂಟಿಕೊಳ್ಳುತ್ತದೆ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋಗಳಲ್ಲಿ ಸಲ್ಫೊನೇಟ್ ಗುಂಪುಗಳಿವೆ, ಅವೂ ಋಣವೇ, ಹಾಗಾಗಿ ಬೆಳ್ಳಿ ಅವನ್ನು ದೂರ ತಳ್ಳುತ್ತದೆ. ಈಗ ಎರಡೂ ಕಲೆತ ದ್ರಾವಣಕ್ಕೆ ನೇರವಾಗಿ ಬೆಳ್ಳಿ ಹಾಕಿದರೆ ಏನಾಗುತ್ತದೆ? ಜಾತ್ರೆಯಲ್ಲಿ ಮೈಕ್ ಹಿಡಿದ ಒಬ್ಬನ ಮಾತು ಮಾತ್ರ ಕೇಳಿಸುತ್ತದಲ್ವಾ, ಹಾಗೆ. ಚೂರೇ ಚೂರು ರೊಡಮೈನ್ ಇದ್ದರೂ ಅದೇ ಕಾಣುತ್ತದೆ, ರಾಶಿ ಟಾರ್ಟ್ರಜಿನ್ ಇದ್ದರೂ ಕಾಣುವುದಿಲ್ಲ. ಆ ಸ್ಪೆಕ್ಟ್ರಮ್ (ಪೀಕ್‌ಗಳ ಗ್ರಾಫ್) ನೋಡಿ "ಟಾರ್ಟ್ರಜಿನ್ ಇಲ್ಲ" ಅಂತ ಬರೆದರೆ ಅದು ಸುಳ್ಳು. ಮೊದಲು ಬಿಡಿಸಿ, ಆಮೇಲೆ ಒಂದೊಂದೇ ಚುಕ್ಕೆಗೆ ಬೆಳ್ಳಿ ಕೊಡಿ. ಆಗ ಎಲ್ಲದಕ್ಕೂ ಅದರದ್ದೇ ಸರದಿ ಸಿಗುತ್ತದೆ.

ಕ್ರೊಮೆಟೊಗ್ರಫಿಯನ್ನು ಚುಟುಕಾಗಿ ಹೇಳಿ.

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1900ರ ದಶಕದ ಮೊದಲ ವರ್ಷಗಳಲ್ಲಿ ಎಲೆಯ ಬಣ್ಣಗಳನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಹಸಿರು, ಹಳದಿ ಪಟ್ಟೆಗಳಾಗಿ ಬಿಡಿಸಿದ. ಅಲ್ಲಿಂದ ಶುರು. ಸೂತ್ರ ಇವತ್ತಿಗೂ ಅದೇ. ಒಂದು ನಿಂತ ವಸ್ತು, ಒಂದು ಹರಿಯುವ ವಸ್ತು. ನಿಂತದ್ದಕ್ಕೆ ಜಾಸ್ತಿ ಅಂಟಿಕೊಳ್ಳುವುದು ಹಿಂದೆ ಉಳಿಯುತ್ತದೆ, ಹರಿಯುವುದರ ಜೊತೆ ಇರಲು ಇಷ್ಟಪಡುವುದು ಮುಂದೆ ಹೋಗುತ್ತದೆ. ಟಿಎಲ್‌ಸಿಯಲ್ಲಿ ನಿಂತದ್ದು ಪ್ಲೇಟಿಗೆ ಬಳಿದ ಸಿಲಿಕಾ, ಹರಿಯುವುದು ಕೆಳಗಿಂದ ತಾನಾಗಿ ಏರುವ ದ್ರಾವಕ. ದ್ರಾವಕ 7 ಸೆಂಟಿಮೀಟರ್ ಏರಿ ಚುಕ್ಕೆ 4.2 ಸೆಂಟಿಮೀಟರ್ ಏರಿದರೆ ಅದರ ಆರ್‌ಎಫ್, ಅಂದರೆ ಚುಕ್ಕೆ ಏರಿದ್ದನ್ನು ದ್ರಾವಕ ಏರಿದ್ದರಿಂದ ಭಾಗಿಸಿದ ಸಂಖ್ಯೆ, 0.6. ಅಷ್ಟೇ.

ರಾಮನ್ ಸ್ಪೆಕ್ಟ್ರಮ್ ನಿಜವಾಗಿ ಏನು ತೋರಿಸುತ್ತದೆ?

ಅಣುವಿನ ಕಂಪನಗಳನ್ನು. ಒಂದೇ ಬಣ್ಣದ ಲೇಸರ್ ಬಿಟ್ಟರೆ ಚದುರಿ ಬರುವ ಬೆಳಕಿನ ಬಹುಪಾಲು ಅದೇ ಬಣ್ಣದಲ್ಲಿ ವಾಪಸ್ ಬರುತ್ತದೆ. ಸುಮಾರು ಕೋಟಿಗೊಂದು ಫೋಟಾನ್ ಮಾತ್ರ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಅನ್ನುವುದನ್ನು ವೇವ್‌ನಂಬರ್‌ನಲ್ಲಿ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕದಲ್ಲಿ ಹೇಳುತ್ತೇವೆ. ಉದಾಹರಣೆಗೆ ರೊಡಮೈನ್-ಬಿಯ ಒಂದು ಗಟ್ಟಿ ಪೀಕ್ ಸುಮಾರು 1649ರಲ್ಲಿದೆ. ಅದು ಅಣುವಿನ ನಡುವಿನ ಉಂಗುರಗಳು ಹಿಗ್ಗಿ ಕುಗ್ಗುವ ಕಂಪನ. 785 ನ್ಯಾನೊಮೀಟರ್ ಲೇಸರ್ ಬಿಟ್ಟಿದ್ದರೆ ಆ ಫೋಟಾನ್ 902 ನ್ಯಾನೊಮೀಟರ್ ಹತ್ತಿರ ವಾಪಸ್ ಬರುತ್ತದೆ. ಇಂಥ ಹತ್ತಾರು ಪೀಕ್‌ಗಳು ಸೇರಿ ಆ ಅಣುವಿನ ಗುರುತಾಗುತ್ತದೆ.

ಇದು ನಮ್ಮ ಸಿ.ವಿ. ರಾಮನ್ ಅವರದ್ದೇನಾ?

ಹೌದು. ಕಲ್ಕತ್ತಾದಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಸೇರಿ ಕಂಡದ್ದು, 1928ರ ಫೆಬ್ರುವರಿ 28ರಂದು. ನೊಬೆಲ್ 1930ರಲ್ಲಿ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು, 1948ರಲ್ಲಿ ಇಲ್ಲೇ ತಮ್ಮ ಸಂಸ್ಥೆ ಕಟ್ಟಿದರು. ಆಗ ಲೇಸರ್ ಇರಲಿಲ್ಲ. ಸೂರ್ಯನ ಬೆಳಕು, ಆಮೇಲೆ ಪಾದರಸದ ದೀಪ, ಅಷ್ಟರಲ್ಲೇ ಕೋಟಿಗೊಂದು ಫೋಟಾನ್ ಹಿಡಿದರು. ಸ್ಪೆಕ್ಟ್ರೋಮೀಟರ್ ಮುಂದೆ ಕೂತವರಿಗೆ ಮಾತ್ರ ಅದು ಎಂಥ ತಾಳ್ಮೆಯ ಕೆಲಸ ಅಂತ ಪೂರ್ತಿ ಗೊತ್ತಾಗುವುದು.

ರೊಡಮೈನ್ ಯುವಿ ದೀಪದ ಕೆಳಗೆ ಹೊಳೆಯುತ್ತದಲ್ಲ, ಸುಮ್ನೆ ಯುವಿ ಲೈಟ್ ಹಿಡಿದರೆ ಸಾಕಲ್ವಾ?

ಪ್ಲೇಟಿನ ಮೇಲೆ ಯುವಿ ಹಿಡಿಯುವುದನ್ನು ನಾವೂ ಬಿಡುವುದಿಲ್ಲ, ಕಿತ್ತಳೆಯಾಗಿ ಹೊಳೆಯುವ ಚುಕ್ಕೆ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಅದು ಅನುಮಾನವೇ ಹೊರತು ಸಾಕ್ಷಿ ಅಲ್ಲ. ಎರಿತ್ರೋಸಿನ್ ಕೂಡ ಕೆಂಪು, ಅದೂ ಹೊಳೆಯುತ್ತದೆ, ಮತ್ತು ನಮ್ಮ ದೇಶದಲ್ಲಿ ಕೆಲವು ಆಹಾರಗಳಿಗೆ ಅದಕ್ಕೆ ಅನುಮತಿಯೂ ಇದೆ. ಅನುಮತಿ ಇರುವ ಎಂಟು ಕೃತಕ ಬಣ್ಣಗಳಲ್ಲಿ ಅದೂ ಒಂದು. ರೊಡಮೈನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಆಹಾರಕ್ಕೆ ಯಾವ ಪ್ರಮಾಣದಲ್ಲೂ ಇಲ್ಲ. ಒಂದನ್ನು ಇನ್ನೊಂದು ಅಂತ ತಪ್ಪು ತಿಳಿದರೆ ತಳ್ಳುಗಾಡಿಯವನ ಬದುಕಿಗೆ ಏಟು, ಇಲ್ಲವೇ ಮಗುವಿನ ಹೊಟ್ಟೆಗೆ ವಿಷ. ನಿಷೇಧದ ಜೊತೆ ಹೇಳಿದ ಶಿಕ್ಷೆ 7 ವರ್ಷದಿಂದ ಜೀವಾವಧಿ ತನಕ ಜೈಲು, 10 ಲಕ್ಷ ರೂಪಾಯಿ ತನಕ ದಂಡ. ಇಷ್ಟು ದೊಡ್ಡ ಮಾತನ್ನು ಹೊಳಪು ನೋಡಿ ಹೇಳಬಾರದು.

ಸರ್ಸ್ ಅಂದರೇನು? ಸಾದಾ ರಾಮನ್ ಯಾಕೆ ಆಗುವುದಿಲ್ಲ?

ಟಿಎಲ್‌ಸಿ ಚುಕ್ಕೆಯಲ್ಲಿ ಇರುವ ವಸ್ತು ಮೈಕ್ರೊಗ್ರಾಮ್ ಅಥವಾ ಅದಕ್ಕಿಂತ ಕಡಿಮೆ, ಅದೂ ಸಿಲಿಕಾದ ರಂಧ್ರಗಳೊಳಗೆ ಹರಡಿರುತ್ತದೆ. ಕೋಟಿಗೊಂದು ಫೋಟಾನ್ ಲೆಕ್ಕದಲ್ಲಿ ಅಲ್ಲಿಂದ ಏನೂ ಸಿಗುವುದಿಲ್ಲ. ಒರಟಾದ ಬೆಳ್ಳಿಯ ಮೈಗೆ ಅಂಟಿದ ಅಣುವಿನ ರಾಮನ್ ಸಂಕೇತ ಲಕ್ಷಗಟ್ಟಲೆ ಪಟ್ಟು ಜಾಸ್ತಿ ಆಗುತ್ತದೆ. ಇದೇ ಸರ್ಸ್, ಅಂದರೆ ಮೇಲ್ಮೈಯಿಂದ ಹೆಚ್ಚಾದ ರಾಮನ್. ಇದನ್ನು ಮೊದಲು ಕಂಡದ್ದು 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, ಫ್ಲೈಶ್‌ಮನ್, ಹೆಂಡ್ರಾ ಮತ್ತು ಮೆಕ್ವಿಲನ್, ಬೆಳ್ಳಿ ಎಲೆಕ್ಟ್ರೋಡ್ ಮೇಲಿನ ಪಿರಿಡಿನ್‌ನಲ್ಲಿ. ಮೈ ಒರಟಾದ್ದರಿಂದ ಜಾಸ್ತಿ ಅಣು ಅಂಟಿದೆ, ಅದಕ್ಕೇ ಸಂಕೇತ ಜಾಸ್ತಿ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಹಾಕಿದರೆ ಅಷ್ಟರಿಂದ ಅಷ್ಟು ಹೆಚ್ಚಳ ಬರಲಾರದು, ಬೇರೆ ಏನೋ ಇದೆ ಅಂತ 1977ರಲ್ಲಿ ವ್ಯಾನ್ ಡ್ಯೂನ್ ಅವರ ಗುಂಪು ಮತ್ತು ಆಲ್ಬ್ರೆಕ್ಟ್-ಕ್ರೈಟನ್ ತೋರಿಸಿದರು. ಬೆಳ್ಳಿಯ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ಒಟ್ಟಿಗೆ ತೂಗಾಡಿ, ಕಣಗಳ ಸಂದಿಯಲ್ಲಿ ಬೆಳಕಿನ ಕ್ಷೇತ್ರ ಸಿಕ್ಕಾಪಟ್ಟೆ ಏರುತ್ತದೆ. ಆ ಸಂದಿಯಿಂದ ಕೆಲವು ನ್ಯಾನೊಮೀಟರ್ ದೂರ ಹೋದರೆ ಪರಿಣಾಮ ಮಾಯ.

ರೊಡಮೈನ್‌ಗೆ ಇನ್ನೊಂದು ಲಾಭ ಇದೆ. ಅದರ ಹೊಳಪೇ ರಾಮನ್‌ಗೆ ಶತ್ರು, ಮೇಲಿಂದ ಮುಚ್ಚಿಬಿಡುತ್ತದೆ. ಬೆಳ್ಳಿಗೆ ಅಂಟಿದ ಕೂಡಲೇ ಆ ಹೊಳಪು ಬಹುಮಟ್ಟಿಗೆ ಆರುತ್ತದೆ. ಸರ್ಸ್ ಕಲಿಯುವವರೆಲ್ಲ ರೊಡಮೈನ್‌ನಿಂದಲೇ ಶುರುಮಾಡುವುದು ಇದಕ್ಕೇ.

ಸರಿ, ಒಂದು ಪ್ಲೇಟ್ ಗೋಬಿ ಬಂತು. ಏನು ಮಾಡುತ್ತೀರಿ? ಹಂತ ಹಂತವಾಗಿ ಹೇಳಿ.

ಮೊದಲು ರುಬ್ಬುವುದು. ಆಮೇಲೆ ಹೆಕ್ಸೇನ್ ಹಾಕಿ ಅಲ್ಲಾಡಿಸಿ ಎಣ್ಣೆ ತೆಗೆಯುವುದು. ಇದು ಎಣ್ಣೆಗೋಸ್ಕರ ಮಾತ್ರ ಅಲ್ಲ. ಮೆಣಸಿನಕಾಯಿಯ ಕೆಂಪು ಅಂದರೆ ಕ್ಯಾಪ್ಸಾಂಥಿನ್ ಥರದ ಕ್ಯಾರೊಟಿನಾಯ್ಡ್‌ಗಳು, ಅವು ಕೊಬ್ಬಿನಲ್ಲಿ ಕರಗುತ್ತವೆ, ಎಣ್ಣೆಯ ಜೊತೆಗೇ ಹೋಗುತ್ತವೆ. ಅವು ಹೋಗಲೇಬೇಕು, ಯಾಕೆಂದರೆ ಕ್ಯಾರೊಟಿನಾಯ್ಡ್‌ನ ರಾಮನ್ ಪೀಕ್‌ಗಳು 1005, 1157, 1520ರ ಸುತ್ತ ಎದ್ದು ಕಾಣುತ್ತವೆ, ರೊಡಮೈನ್-ಬಿಗೂ 1508ರ ಹತ್ತಿರ ಒಂದು ಪೀಕ್ ಇದೆ. ಸಣ್ಣ ಉಪಕರಣದಲ್ಲಿ 1508 ಮತ್ತು 1520 ಪಕ್ಕಪಕ್ಕ ಅಂಟಿಕೊಂಡರೆ ಒಳ್ಳೆ ಬ್ಯಾಡಗಿ ಮೆಣಸಿನ ಪುಡಿ ಹಾಕಿದವನೂ ಅನುಮಾನಕ್ಕೆ ಸಿಕ್ಕಿಬೀಳುತ್ತಾನೆ.

ರೊಡಮೈನ್-ಬಿ ಹೆಕ್ಸೇನ್‌ನಲ್ಲಿ ಕರಗುವುದಿಲ್ಲ, ಹಿಟ್ಟಿನಲ್ಲೇ ಉಳಿಯುತ್ತದೆ. ಅದನ್ನು ಮೆಥನಾಲ್ ಹಾಕಿ ಎಳೆಯುತ್ತೇವೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದು, ಆವಿ ಮಾಡಿ ಕೆಲವು ಹನಿಗೆ ಇಳಿಸುತ್ತೇವೆ. ಒಂದು ಎಚ್ಚರ: ಸೂಡಾನ್ ಬಣ್ಣಗಳನ್ನೂ ಹುಡುಕುತ್ತಿದ್ದರೆ ಆ ಹೆಕ್ಸೇನ್ ಚೆಲ್ಲಬೇಡಿ. ಸೂಡಾನ್ ಕೊಬ್ಬಿನಲ್ಲಿ ಕರಗುವ ಬಣ್ಣ, ಅದು ಹೆಕ್ಸೇನ್‌ನಲ್ಲೇ ಹೋಗಿರುತ್ತದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಪದಾರ್ಥದಲ್ಲಿ ಫ್ರಾನ್ಸ್ ಕಂಡುಹಿಡಿದು, 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದ್ದು ಇದೇ ಸೂಡಾನ್-1.

ಮುಂದೆ ಪ್ಲೇಟ್. ಕೆಳಗಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಪೆನ್ಸಿಲ್‌ನಲ್ಲಿ ಗೆರೆ (ಪೆನ್ ಬೇಡ, ಅದರ ಶಾಯಿಯೂ ಏರುತ್ತದೆ). ಗೆರೆಯ ಮೇಲೆ ಸಣ್ಣ ಚುಕ್ಕೆಗಳು: ಗೋಬಿಯ ಸಾರ, ಶುದ್ಧ ರೊಡಮೈನ್, ಗೋಬಿಯ ಸಾರಕ್ಕೆ ಬೇಕೆಂದೇ ರೊಡಮೈನ್ ಸೇರಿಸಿದ್ದು, ಬಣ್ಣ ಹಾಕದೆ ನಾವೇ ಮಾಡಿದ ಗೋಬಿಯ ಸಾರ, ಮತ್ತು ಬರೀ ಮೆಥನಾಲ್. ಈ ಐದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ಬ್ಯೂಟನಾಲ್, ಅಸಿಟಿಕ್ ಆಸಿಡ್, ನೀರು ಸೇರಿಸಿದ ದ್ರಾವಕದಲ್ಲಿ ಪ್ಲೇಟ್ ನಿಲ್ಲಿಸಿದರೆ ಟಾರ್ಟ್ರಜಿನ್ ಕೆಳಗೆ ಉಳಿಯುತ್ತದೆ, ರೊಡಮೈನ್ ಮೇಲೆ ಹೋಗುತ್ತದೆ. ಬ್ಯೂಟನಾಲ್ ಮಂದ, ನಿಧಾನ ಏರುತ್ತದೆ, ಅವಸರ ಮಾಡಬಾರದು.

ಪ್ಲೇಟ್ ತೆಗೆದು ಚೆನ್ನಾಗಿ ಒಣಗಿಸಬೇಕು. ಅಸಿಟಿಕ್ ಆಸಿಡ್ ವಾಸನೆ ಇನ್ನೂ ಮೂಗಿಗೆ ಬರುತ್ತಿದ್ದರೆ ಒಣಗಿಲ್ಲ ಅಂತಲೇ ಅರ್ಥ, ಆ ಆಸಿಡ್ ಬೆಳ್ಳಿ ಕಣಗಳನ್ನು ಹಾಳುಮಾಡುತ್ತದೆ. ಆಮೇಲೆ ಚುಕ್ಕೆಯ ನಡುವೆ ಒಂದೆರಡು ಮೈಕ್ರೊಲೀಟರ್ ಬೆಳ್ಳಿ ಕೊಲಾಯ್ಡ್ (ಬೆಳ್ಳಿ ನ್ಯಾನೊಕಣಗಳು ತೇಲುವ ದ್ರವ), ಮೇಲೆ ಚೂರು ಉಪ್ಪಿನ ದ್ರಾವಣ. ಉಪ್ಪು ಬಿದ್ದಾಗ ಕಣಗಳು ಒಂದಕ್ಕೊಂದು ಹತ್ತಿರ ಬಂದು ಸಂದಿಗಳಾಗುತ್ತವೆ, ಸಂಕೇತ ಹುಟ್ಟುವುದು ಅಲ್ಲೇ. ಜಾಸ್ತಿ ಹನಿ ಹಾಕಿದರೆ ಚುಕ್ಕೆ ಹರಡಿ ಪಕ್ಕದ್ದಕ್ಕೆ ಸೇರುತ್ತದೆ, ಇಷ್ಟು ಹೊತ್ತು ಬಿಡಿಸಿದ್ದು ನೀರಿನಲ್ಲಿ ಹೋಮ. ನಂತರ ಲೇಸರ್ ಇಟ್ಟು, ಒಂದೇ ಚುಕ್ಕೆಯ ಬೇರೆ ಬೇರೆ ಜಾಗಗಳಲ್ಲಿ ಓದುವುದು. ಕಣಗಳು ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ, ಅಂಚಿನಲ್ಲಿ ಜಾಸ್ತಿ ಸೇರಿರುತ್ತವೆ, ಒಂದೇ ಜಾಗ ನೋಡಿ ಬಿಟ್ಟರೆ ಮೋಸ ಹೋಗುತ್ತೇವೆ.

ಯಾವ ಪ್ಲೇಟ್ ತಗೊಳ್ಳಬೇಕು?

ಸಾಮಾನ್ಯ ಸಿಲಿಕಾ ಪ್ಲೇಟೇ ಸಾಕು, ಆದರೆ ಎಫ್-254 ಅಂತ ಬರೆದದ್ದು ಬೇಡ. ಅದರಲ್ಲಿ ಯುವಿಗೆ ಹಸಿರು ಹೊಳೆಯುವ ಪುಡಿ ಸೇರಿಸಿರುತ್ತಾರೆ, ರಾಮನ್‌ನಲ್ಲಿ ಅದು ತಲೆನೋವು. ಕೆಲವು ಪ್ಲೇಟ್‌ಗಳಲ್ಲಿ ಸಿಲಿಕಾ ಉದುರದಿರಲು ಜಿಪ್ಸಮ್ ಹಾಕಿರುತ್ತಾರೆ, ಅದರ ಪೀಕ್ 1008ರಲ್ಲಿ ಚೂಪಾಗಿ ಬರುತ್ತದೆ. ಖಾಲಿ ಪ್ಲೇಟಿನಲ್ಲೂ ಅದು ಇದೆಯೇ ಅಂತ ಮೊದಲೇ ನೋಡಿಟ್ಟುಕೊಂಡರೆ ಆಮೇಲೆ ಗಾಬರಿ ಇಲ್ಲ.

ಬೆಳ್ಳಿ ಕೊಲಾಯ್ಡ್ ಕಾಲೇಜ್ ಲ್ಯಾಬ್‌ನಲ್ಲಿ ಮಾಡಬಹುದಾ?

ಖಂಡಿತ ಮಾಡಬಹುದು. 1982ರಲ್ಲಿ ಲೀ ಮತ್ತು ಮೈಸೆಲ್ ಬರೆದ ವಿಧಾನವನ್ನೇ ಇವತ್ತೂ ಎಲ್ಲರೂ ಮಾಡುವುದು. 90 ಮಿಲಿಗ್ರಾಮ್ ಸಿಲ್ವರ್ ನೈಟ್ರೇಟನ್ನು 500 ಮಿಲಿಲೀಟರ್ ನೀರಿನಲ್ಲಿ ಕುದಿಸಿ, 10 ಮಿಲಿಲೀಟರ್ 1% ಸೋಡಿಯಂ ಸಿಟ್ರೇಟ್ ಹಾಕಿ, ಸುಮಾರು ಒಂದು ಗಂಟೆ ಕುದಿಯಲು ಬಿಡಬೇಕು. ಬಣ್ಣ ಹಳದಿಗೆ ತಿರುಗಿ, ಆಮೇಲೆ ಹಸಿರು ಬೆರೆತ ಬೂದು ಬಣ್ಣದ ಹಾಲಿನ ಥರ ಆಗುತ್ತದೆ. ಯುವಿ-ವಿಸಿಬಲ್‌ನಲ್ಲಿ ಇಟ್ಟರೆ 400ರಿಂದ 420 ನ್ಯಾನೊಮೀಟರ್ ಸುತ್ತ ಒಂದು ಗುಡ್ಡ ಕಾಣಬೇಕು.

ಕೆಡುವುದೆಲ್ಲ ನೀರಿನಿಂದ. ನಲ್ಲಿ ನೀರಿನಲ್ಲಿರುವ ಕ್ಲೋರೈಡ್ ಚೂರು ಸೇರಿದರೂ ಬೆಳ್ಳಿ ಅದರ ಜೊತೆ ಸೇರಿ ಮಸುಕಾಗುತ್ತದೆ. ಒಳ್ಳೆ ಡೀಅಯನೈಸ್ಡ್ ನೀರು, ಚೆನ್ನಾಗಿ ತೊಳೆದ ಗಾಜು, ಇಷ್ಟಿದ್ದರೆ ಬಹುತೇಕ ಗೆದ್ದ ಹಾಗೆ. ಮಾಡಿದ ಮೇಲೆ ಕಂದು ಬಾಟಲಿಯಲ್ಲಿ ಕತ್ತಲೆಯಲ್ಲಿಡಿ. ಪ್ರತಿ ಹೊಸ ಬ್ಯಾಚನ್ನೂ ಗೊತ್ತಿರುವ ರೊಡಮೈನ್ ದ್ರಾವಣದ ಮೇಲೆ ಪರೀಕ್ಷಿಸಿ ಆಮೇಲೆ ಬಳಸಿ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ, ಗ್ಲೌಸ್ ಮರೆಯಬೇಡಿ.

ಯಾವ ಲೇಸರ್ ಒಳ್ಳೆಯದು? ನಮ್ಮ ಕಾಲೇಜಿನಲ್ಲಿ 532 ಮಾತ್ರ ಇದೆ.

ರೊಡಮೈನ್-ಬಿ 554 ನ್ಯಾನೊಮೀಟರ್ ಹತ್ತಿರ ಬೆಳಕು ಹೀರುತ್ತದೆ, 532 ಅದರ ಪಕ್ಕದಲ್ಲೇ ಇದೆ. ಬೆಳ್ಳಿಗೆ ಅಂಟಿದ ಅಣುಗಳಿಂದ ಸಂಕೇತ ಇನ್ನೂ ಜೋರಾಗಿ ಬರುತ್ತದೆ, ಅದು ಲಾಭ. ಅಂಟದೆ ಉಳಿದವು ಧಗ್ಗಂತ ಹೊಳೆದು ಎಲ್ಲ ಮುಚ್ಚುತ್ತವೆ, ಅದು ನಷ್ಟ. ಪ್ಲೇಟಿನ ಮೇಲೆ ಅಂಟದೆ ಉಳಿಯುವವೇ ಜಾಸ್ತಿ. ಅದಕ್ಕೇ ನನ್ನ ಆಯ್ಕೆ 785. ಸೋಯಾ ಸಾಸ್, ಕರಿದ ಹಿಟ್ಟಿನ ಕಂದು ವಸ್ತುಗಳ ಹೊಳಪೂ ಅಲ್ಲಿ ಕಡಿಮೆ. 532 ಮಾತ್ರ ಇದ್ದರೆ ಅದರಲ್ಲೇ ಮಾಡಿ, ಚುಕ್ಕೆಗೆ ಹಾಕುವ ಬಣ್ಣ ಕಡಿಮೆ ಇರಲಿ, ಪವರ್ ತಗ್ಗಿಸಿ.

ಪವರ್ ಬಗ್ಗೆ ಒಂದು ಮಾತು. ಸಂಕೇತ ಕಾಣುತ್ತಿಲ್ಲ ಅಂತ ಪವರ್ ಏರಿಸಿದರೆ ಚುಕ್ಕೆ ಸುಟ್ಟು ಕರಿಯಾಗುತ್ತದೆ. ಆಗ 1350 ಮತ್ತು 1580ರ ಸುತ್ತ ಎರಡು ಅಗಲವಾದ ಗುಡ್ಡಗಳು ಏಳುತ್ತವೆ. ಅದು ಇಂಗಾಲ. ಹೊಸಬರು ಅದನ್ನೇ ಬಣ್ಣದ ಪೀಕ್ ಅಂದುಕೊಂಡು ಖುಷಿಪಡುತ್ತಾರೆ.

ಸ್ಪೆಕ್ಟ್ರಮ್ ಬಂತು. ರೊಡಮೈನ್-ಬಿ ಅಂತ ಹೇಗೆ ಖಾತ್ರಿ?

ಒಂದೇ ಪೀಕ್ ನೋಡಿ ಹೇಳಬಾರದು. 621, 1199, 1280, 1358, 1508, 1649, ಇವು ಒಟ್ಟಿಗೆ ಇರಬೇಕು, ಮತ್ತು ಯಾವುದು ಎತ್ತರ ಯಾವುದು ಗಿಡ್ಡ ಅನ್ನುವುದೂ ಅದೇ ಪ್ಲೇಟಿನ ಶುದ್ಧ ರೊಡಮೈನ್ ಚುಕ್ಕೆಯ ಜೊತೆ ತಾಳೆಯಾಗಬೇಕು. ಒಂದೆರಡು ವೇವ್‌ನಂಬರ್ ಆಚೀಚೆ ಆಗುತ್ತದೆ, ಪರವಾಗಿಲ್ಲ. ಪುಸ್ತಕದ ಸಂಖ್ಯೆಗಿಂತ ಪಕ್ಕದ ಚುಕ್ಕೆಯೇ ಮುಖ್ಯ, ಯಾಕೆಂದರೆ ಅದು ಅದೇ ಸಿಲಿಕಾ, ಅದೇ ಬೆಳ್ಳಿ, ಅದೇ ಲೇಸರ್ ಕಂಡಿದೆ.

ಜೊತೆಗೆ ಆರ್‌ಎಫ್ ಕೂಡ ಹೊಂದಬೇಕು. ಸ್ಪೆಕ್ಟ್ರಮ್ ರೊಡಮೈನ್ ಥರ ಇದ್ದು ಚುಕ್ಕೆ ಬೇರೆ ಎತ್ತರದಲ್ಲಿದ್ದರೆ, ಅಥವಾ ಎತ್ತರ ಸರಿಯಿದ್ದು ಪೀಕ್‌ಗಳು ಬೇರೆಯಾದರೆ, ನಾನು ಹೌದು ಅನ್ನುವುದಿಲ್ಲ. ಬಣ್ಣ ಹಾಕದ ಗೋಬಿಯ ಅದೇ ಎತ್ತರದ ಜಾಗದಲ್ಲಿ ಬೆಳ್ಳಿ ಹಾಕಿ ಓದಿದಾಗ ಆ ಪೀಕ್‌ಗಳು ಬರಬಾರದು. ಸಿಟ್ರೇಟ್‌ಗೂ ತನ್ನದೇ ಪೀಕ್‌ಗಳಿವೆ, ಹಾಗಾಗಿ ಬರೀ ಬೆಳ್ಳಿಯ ಓದೂ ಬೇಕು. ಖಾಲಿ ಮೆಥನಾಲ್ ಜಾಗದಲ್ಲಿ ರೊಡಮೈನ್ ಕಂಡರೆ ಆ ದಿನದ ಫಲಿತಾಂಶ ಪೂರ್ತಿ ಪಕ್ಕಕ್ಕೆ. ರೊಡಮೈನ್ ಅಂಟುವ ವಸ್ತು, ಪಿಪೆಟ್ ತುದಿಯಲ್ಲಿ, ಗಾಜಿನಲ್ಲಿ ಎಲ್ಲೆಲ್ಲೋ ಉಳಿದಿರುತ್ತದೆ, ಸರ್ಸ್ ಅಷ್ಟನ್ನೂ ಕಾಣುತ್ತದೆ.

ಸಾಫ್ಟ್‌ವೇರ್ "98% ಮ್ಯಾಚ್" ಅಂತ ತೋರಿಸುತ್ತಿದೆ. ಸಾಕಾ?

ಆ ಸಂಖ್ಯೆಯನ್ನು ಸಂಭವನೀಯತೆ ಅಂತ ಓದಬೇಡಿ. ಲೈಬ್ರರಿಯಲ್ಲಿ ಇರುವ ಸ್ಪೆಕ್ಟ್ರಮ್‌ಗಳಲ್ಲಿ ಯಾವುದಕ್ಕೆ ಹತ್ತಿರ ಅಂತ ಮಾತ್ರ ಅದು ಹೇಳುತ್ತದೆ. ಲೈಬ್ರರಿಯಲ್ಲಿ ಇಲ್ಲದ ಬಣ್ಣ ಬಂದರೆ ಇರುವುದರಲ್ಲೇ ಹತ್ತಿರದ್ದನ್ನು ತೋರಿಸುತ್ತದೆ. ಅದಲ್ಲದೆ ಬಹಳಷ್ಟು ಲೈಬ್ರರಿಗಳು ಪುಡಿಯ ಸಾದಾ ರಾಮನ್‌ನಿಂದ ಮಾಡಿದವು. ಬೆಳ್ಳಿಗೆ ಅಂಟಿದಾಗ ಅಣು ಯಾವ ಕಡೆ ಮುಖ ಮಾಡಿ ಕೂತಿದೆ ಅನ್ನುವುದರ ಮೇಲೆ ಕೆಲವು ಪೀಕ್ ಏಳುತ್ತವೆ, ಕೆಲವು ಬೀಳುತ್ತವೆ. ನಿಮ್ಮ ಸ್ವಂತ ಲೈಬ್ರರಿ ಮಾಡಿಕೊಳ್ಳಿ.

ಎಷ್ಟು ಇದೆ ಅಂತ ಹೇಳಬಹುದಾ?

ಟಿಎಲ್‌ಸಿ-ಸರ್ಸ್‌ನಿಂದ ನಂಬಿಕೆಯ ಅಳತೆ ಕಷ್ಟ. ಕಣಗಳ ಗುಂಪು ಪ್ರತಿ ಸಲ ಬೇರೆ, ಪೀಕ್‌ನ ಎತ್ತರವೂ ಬೇರೆ. ಸಂಶೋಧನೆಯಲ್ಲಿ ಆಂತರಿಕ ಮಾನಕ (ಗೊತ್ತಿರುವ ಪ್ರಮಾಣದ ಇನ್ನೊಂದು ವಸ್ತು) ಸೇರಿಸಿ ಸರಿಪಡಿಸುತ್ತಾರೆ, ಚೆನ್ನಾಗಿಯೇ ಬರುತ್ತದೆ, ಆದರೆ ದಿನನಿತ್ಯದ ಕೆಲಸಕ್ಕೆ ನಾನು ಪ್ರಮಾಣವನ್ನು ಎಚ್‌ಪಿಎಲ್‌ಸಿಗೆ (ದ್ರವವನ್ನು ಒತ್ತಡದಿಂದ ಕೊಳವೆಯಲ್ಲಿ ಹರಿಸಿ ಬಿಡಿಸುವ ಕ್ರೊಮೆಟೊಗ್ರಫಿಗೆ) ಬಿಡುತ್ತೇನೆ.

ಇಲ್ಲಿ ಒಂದು ವಿಷಯ ಯೋಚಿಸಬೇಕು. ಟಾರ್ಟ್ರಜಿನ್‌ನಂಥದಕ್ಕೆ ಅನುಮತಿ ಇರುವ ತಿನಿಸುಗಳಲ್ಲಿ ಸಾಮಾನ್ಯವಾಗಿ 100 ಪಿಪಿಎಂ (ಕಿಲೋಗೆ 100 ಮಿಲಿಗ್ರಾಮ್) ಮಿತಿ ಇದೆ, ಅಲ್ಲಿ "ಎಷ್ಟು" ಅನ್ನುವುದೇ ಪ್ರಶ್ನೆ. ರೊಡಮೈನ್-ಬಿಗೆ ಅನುಮತಿಯೇ ಇಲ್ಲ, ಅದು ಚೂರೂ ಇರಬಾರದು. ಅಲ್ಲಿ ಮೊದಲ ಪ್ರಶ್ನೆ "ಯಾವುದು" ಅನ್ನುವುದು. ಈ ಜೋಡಿ ವಿಧಾನದ ಶಕ್ತಿ ಇರುವುದೂ ಅಲ್ಲೇ.

ಎಚ್‌ಪಿಎಲ್‌ಸಿಗೆ ನೇರವಾಗಿ ರಾಮನ್ ಜೋಡಿಸಬಹುದಲ್ಲ?

ಜೋಡಿಸುತ್ತಾರೆ. ತೊಂದರೆ ಏನೆಂದರೆ ಎಚ್‌ಪಿಎಲ್‌ಸಿಯಿಂದ ಒಂದು ವಸ್ತು ಕೆಲವೇ ಸೆಕೆಂಡು ಹೊರಬರುತ್ತದೆ, ಅದೂ ತುಂಬಾ ನೀರಾಗಿ. ಜೊತೆಗೆ ಹರಿಯುವ ಅಸಿಟೊನೈಟ್ರೈಲ್ 920, 1374, 2250ರ ಹತ್ತಿರ ತನ್ನ ಪೀಕ್‌ಗಳನ್ನು ಹಾಕುತ್ತದೆ. ಹರಿವಿನ ದಾರಿಯಲ್ಲಿ ಬೆಳ್ಳಿ ಇಟ್ಟರೆ ಮೊದಲು ಬಂದ ವಸ್ತು ಅಂಟಿಕೊಂಡು ಕೂತು ಮುಂದಿನದರ ಸ್ಪೆಕ್ಟ್ರಮ್‌ನಲ್ಲೂ ಕಾಣುತ್ತದೆ. ಅದಕ್ಕೆ ಸುಲಭದ ದಾರಿ, ಹೊರಬರುವುದನ್ನು ಸಣ್ಣ ಸಣ್ಣ ಗುಳಿಗಳಲ್ಲಿ ಹಿಡಿದು, ಒಣಗಿಸಿ, ಆಮೇಲೆ ಬೆಳ್ಳಿ ಹಾಕಿ ನಿಧಾನವಾಗಿ ಓದುವುದು. ಗ್ಯಾಸ್ ಕ್ರೊಮೆಟೊಗ್ರಫಿಗೆ ರಾಮನ್ ಇನ್ನೂ ಕಷ್ಟ, ಅನಿಲದಲ್ಲಿ ಅಣುಗಳೇ ವಿರಳ.

ಎಲ್‌ಸಿ-ಎಂಎಸ್ ಇರುವಾಗ ಇದೆಲ್ಲ ಯಾಕೆ?

ಎಲ್‌ಸಿ-ಎಂಎಸ್ (ವಸ್ತುಗಳನ್ನು ಬಿಡಿಸಿ ಅಣುವಿನ ತೂಕ ಅಳೆಯುವ ಯಂತ್ರ) ಇದ್ದು, ನಡೆಸುವವರಿದ್ದು, ಸಾಲ್ವೆಂಟ್‌ಗೆ ದುಡ್ಡಿದ್ದರೆ ಅದನ್ನೇ ಬಳಸಿ. ಬಹಳಷ್ಟು ವಿಷಯದಲ್ಲಿ ಅದು ಮುಂದಿದೆ. ಆದರೆ ಒಂದು ಚೆಂದದ ಉದಾಹರಣೆ ನೋಡಿ. ರೊಡಮೈನ್-ಬಿ ಮತ್ತು ರೊಡಮೈನ್-6ಜಿ ಎರಡರ ಅಣುಸೂತ್ರವೂ ಒಂದೇ. ಮಾಸ್‌ನಲ್ಲಿ ಎರಡೂ 443.2ರಲ್ಲಿ ನಿಲ್ಲುತ್ತವೆ. ಅಣುವನ್ನು ಒಡೆದು ಚೂರುಗಳನ್ನು ನೋಡುವ ತನಕ ಗೊತ್ತಾಗುವುದಿಲ್ಲ. ರಾಮನ್‌ನಲ್ಲಿ ನೇರವಾಗಿ ಕಾಣುತ್ತದೆ: 6ಜಿಗೆ 612ರಲ್ಲಿ ಮತ್ತು 773ರಲ್ಲಿ ಗಟ್ಟಿ ಪೀಕ್, ಬಿಗೆ 621ರಲ್ಲಿ ಇದೆ, 773ರಲ್ಲಿ ಅಂಥದ್ದಿಲ್ಲ. ಅಣುವಿನ ತೂಕ ಅಲ್ಲ, ಆಕಾರವೇ ಮಾತಾಡುವುದರಿಂದ ಹೀಗೆ. ಮತ್ತೆ ಪ್ಲೇಟ್, ಕೊಲಾಯ್ಡ್, ಕೈಯಲ್ಲಿ ಹಿಡಿಯುವ ರಾಮನ್, ಇಷ್ಟನ್ನು ಜಿಲ್ಲೆಯ ಲ್ಯಾಬ್‌ಗೂ ಒಯ್ಯಬಹುದು.

ಆಹಾರ ಬಿಟ್ಟು ಬೇರೆಲ್ಲಿ ಉಪಯೋಗ?

"ಪೂರ್ತಿ ಗಿಡಮೂಲಿಕೆ" ಅಂತ ಮಾರುವ ಪುಡಿ, ಮಾತ್ರೆಗಳಲ್ಲಿ ಅಲೋಪಥಿ ಔಷಧಿ ಬೆರೆಸಿದ್ದು ಹುಡುಕಲು ಇದು ಬಹಳ ಒಳ್ಳೆ ವಿಧಾನ, ಅದರ ಬಗ್ಗೆ ಚೀನಾದಲ್ಲಿ ತುಂಬಾ ಕೆಲಸ ಆಗಿದೆ. ಹಳೇ ಬಟ್ಟೆ, ಚಿತ್ರಗಳ ಬಣ್ಣ ಗುರುತಿಸಲೂ ಬಳಸುತ್ತಾರೆ. ಚಿಕಾಗೊದ ಕಲಾ ಸಂಗ್ರಹಾಲಯದವರು ವ್ಯಾನ್ ಡ್ಯೂನ್ ಅವರ ಜೊತೆ ಸೇರಿ ಇದನ್ನು ಮಾಡಿದ್ದಾರೆ. ಗಿಡಮೂಲದ ಬಣ್ಣಗಳಲ್ಲಿ ಒಂದರೊಳಗೆ ನಾಲ್ಕಾರು ವಸ್ತು ಇರುತ್ತವೆ, ಬಿಡಿಸದೆ ದಾರಿಯೇ ಇಲ್ಲ.

ಮನೆಯಲ್ಲಿ ಏನಾದರೂ ಪರೀಕ್ಷೆ ಇದೆಯಾ?

ರಾಮನ್ ಮನೆಯ ಕೆಲಸ ಅಲ್ಲ. ಆದರೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಹೇಳಿಕೊಡುವ ಒಂದು ಸಣ್ಣ ಪರೀಕ್ಷೆ ಇದೆ. ಹತ್ತಿಯನ್ನು ನೀರಿನಲ್ಲಿ ಅಥವಾ ಎಣ್ಣೆಯಲ್ಲಿ ಅದ್ದಿ ಸಿಹಿಗೆಣಸಿನ ಸಿಪ್ಪೆಗೆ, ರಾಗಿಗೆ ಉಜ್ಜಿ ನೋಡಿ. ಹತ್ತಿಗೆ ಕೆಂಪು ಹತ್ತಿದರೆ ಬಣ್ಣ ಬಳಿದಿದ್ದಾರೆ ಅಂತ ಅನುಮಾನಿಸಬಹುದು. ಗೋಬಿಗೆ ಇದು ನಡೆಯುವುದಿಲ್ಲ, ಮಸಾಲೆಯ ಬಣ್ಣವೂ ಹತ್ತುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುವ ಗುಲಾಬಿ ಕೆಂಪು ಕಂಡರೆ ಮಕ್ಕಳಿಗೆ ಕೊಡಿಸಬೇಡಿ.

ವರದಿಯಲ್ಲಿ ಏನಂತ ಬರೆಯಬೇಕು? ನಮ್ಮ ಪ್ರಾಜೆಕ್ಟ್ ಫಲಿತಾಂಶ ಹಿಡಿದು ಅಂಗಡಿಯವರ ಮೇಲೆ ದೂರು ಕೊಡಬಹುದಾ?

ಕಂಡದ್ದನ್ನು ಮಾತ್ರ ಬರೆಯಿರಿ. "ಈ ಮಾದರಿಯಲ್ಲಿ, ಈ ದ್ರಾವಕದಲ್ಲಿ, ಇಷ್ಟು ಆರ್‌ಎಫ್‌ನ ಚುಕ್ಕೆಯ ಸರ್ಸ್ ಸ್ಪೆಕ್ಟ್ರಮ್ ಅದೇ ಪ್ಲೇಟಿನ ರೊಡಮೈನ್-ಬಿ ಜೊತೆ ಹೊಂದುತ್ತದೆ" ಅಂತ. ಸಿಗದಿದ್ದರೆ "ಇಲ್ಲ" ಅಂತ ಬರೆಯಬೇಡಿ. "ಪತ್ತೆಯಾಗಿಲ್ಲ" ಅಂತ ಬರೆದು, ಬಣ್ಣವಿಲ್ಲದ ಗೋಬಿಗೆ ನೀವೇ ಸೇರಿಸಿ ನೋಡಿದಾಗ ಎಷ್ಟು ಕಡಿಮೆ ತನಕ ಕಂಡಿತ್ತು ಅನ್ನುವುದನ್ನು ಪಕ್ಕದಲ್ಲೇ ಹಾಕಿ.

ದೂರು ಕೊಡಬಹುದು, ಆಹಾರ ಸುರಕ್ಷತಾ ಅಧಿಕಾರಿಗೆ. ಆದರೆ ನಿಮ್ಮ ಪ್ರಾಜೆಕ್ಟಿನ ಹಾಳೆ ಕಾನೂನಿನ ಸಾಕ್ಷಿ ಆಗುವುದಿಲ್ಲ. ಅಧಿಕಾರಿಯೇ ಬಂದು ಮಾದರಿ ತೆಗೆಯಬೇಕು. ಕಾನೂನಿನ ಪ್ರಕಾರ ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ: ಒಂದು ಆಹಾರ ವಿಶ್ಲೇಷಕರಿಗೆ, ಎರಡು ನಿಯೋಜಿತ ಅಧಿಕಾರಿಯ ಹತ್ತಿರ, ಉಳಿದ ಒಂದನ್ನು ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿ ಅಂತ ಅಂಗಡಿಯವರು ಕೇಳಬಹುದು. ಈ ಹಕ್ಕು ಬಹಳ ಅಂಗಡಿಯವರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿರುವವರು ಹೇಳಿಕೊಡಿ. ಅಲ್ಲಿಯ ತನಕ ಅಂಗಡಿಯ ಹೆಸರು, ಫೋಟೊ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ.